ಕೋಟೆ ಬಿದ್ದ ಮಾರನೆಯ ದಿನ

ಶ್ರೀರಂಗಪಟ್ಟಣದ ಯುದ್ಧಗಳ ವೀರರು ನಮ್ಮ ಮಕ್ಕಳಿಗೆ ಗೊತ್ತು, ತಾರೀಖುಗಳೂ ಗೊತ್ತು. ಅದೇ ಯುದ್ಧಗಳ ನಡುವೆ ಬೆಳೆದ ಮಕ್ಕಳನ್ನು ಕನ್ನಡದ ಬಾಲಸಾಹಿತ್ಯ ಇನ್ನು ಪರಿಚಯಿಸಬೇಕಿದೆ.

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯ ಮುಟ್ಟುವುದರೊಳಗೆ ಹನಕೆರೆ ಸಿಗುತ್ತದೆ. ಅದರ ಸುತ್ತ ಶ್ರೀರಂಗಪಟ್ಟಣ, ಮಳವಳ್ಳಿ, ನಾಗಮಂಗಲ, ಮೇಲುಕೋಟೆ. ಹದಿನೆಂಟನೇ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಈ ಸೀಮೆಯನ್ನು ತುಳಿಯದ ದಂಡಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಕನಕಪುರದ ದಾರಿಯಲ್ಲಿ ಬಂದು ಅರಕೆರೆಯ ಬಳಿ ಕಾದಾಡಿತು. ಮುಂದೆ ಹೋಗಲು ಮೇವಿಲ್ಲ, ಧಾನ್ಯವಿಲ್ಲ, ಫಿರಂಗಿ ಎಳೆಯಲು ಎತ್ತುಗಳಿಲ್ಲ. ತನ್ನ ಭಾರಿ ತೋಪುಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆದುಹಾಕಿ ಅದು ಹಿಮ್ಮೆಟ್ಟಿತು. 1792ರ ಫೆಬ್ರುವರಿಯಲ್ಲಿ ನಿಜಾಮ ಮತ್ತು ಮರಾಠರ ಪಡೆಗಳ ಜೊತೆ ಮತ್ತೆ ಬಂದು ಪಟ್ಟಣಕ್ಕೆ ಮುತ್ತಿಗೆ ಹಾಕಿತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪುವಿನ ಸೇನೆಗೂ ಕಾಳಗ ನಡೆಯಿತು. ಮೇ 4ರಂದು ಕೋಟೆ ಬಿತ್ತು. ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಮೇ 5ರ ಬೆಳಗ್ಗೆ ಈ ಸೀಮೆಯ ಹತ್ತು ವರ್ಷದ ಹುಡುಗಿ ಎಲ್ಲಿದ್ದಳು, ಏನು ಉಂಡಳು, ಯಾರಿಗೆ ಹೆದರಿದಳು ಎಂಬುದು ಪಾಠದಲ್ಲಿಲ್ಲ. ಕನ್ನಡದ ಮಕ್ಕಳ ಐತಿಹಾಸಿಕ ಕಥೆ ಶುರುವಾಗಬೇಕಾದ್ದು ಆ ಬೆಳಗ್ಗೆಯಿಂದ ಎನ್ನುವುದು ಈ ಲೇಖನದ ವಾದ.

ಜಗತ್ತಿನ ಬೇರೆ ಭಾಷೆಗಳಲ್ಲಿ ಇಂಥ ಬರವಣಿಗೆಗೆ ಈಗ ಒಂದು ಪರಂಪರೆಯೇ ಇದೆ. ಇಯಾನ್ ಸೆರಾಯಿಯರ್ 1956ರಲ್ಲಿ ಬರೆದ ‘ದಿ ಸಿಲ್ವರ್ ಸ್ವೋರ್ಡ್’ ಜರ್ಮನರ ವಶವಾಗಿದ್ದ ವಾರ್ಸಾದಲ್ಲಿ ತಂದೆತಾಯಿಯಿಂದ ಬೇರ್ಪಟ್ಟ ಮಕ್ಕಳ ಕಥೆ. ಲೋಯಿಸ್ ಲೌರಿಯ ‘ನಂಬರ್ ದ ಸ್ಟಾರ್ಸ್’ 1989ರಲ್ಲಿ ಬಂತು. ನಾಜಿ ಸೈನಿಕರು ಬೀದಿಬೀದಿಯಲ್ಲಿ ನಿಂತ 1943ರ ಕೋಪನ್‌ಹೇಗನ್‌ನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಯಹೂದಿ ಗೆಳತಿಯನ್ನು ಉಳಿಸುವ ಕೆಲಸದಲ್ಲಿ ಪಾಲುಗೊಳ್ಳುವ ಕಥೆ ಅದು. ಲಿಂಡಾ ಸೂ ಪಾರ್ಕ್ 2002ರಲ್ಲಿ ಪ್ರಕಟಿಸಿದ ‘ವೆನ್ ಮೈ ನೇಮ್ ವಾಸ್ ಕಿಯೋಕೊ’ದಲ್ಲಿ ಜಪಾನಿನ ಆಡಳಿತದಡಿಯ ಕೊರಿಯಾದ ಅಣ್ಣತಂಗಿ ತಮ್ಮ ಹೆಸರನ್ನೇ ಬಿಟ್ಟುಕೊಟ್ಟು ಜಪಾನಿ ಹೆಸರು ಇಟ್ಟುಕೊಳ್ಳಬೇಕಾಗುತ್ತದೆ. ದೇಶ ಬೇರೆ, ಕಾಲ ಬೇರೆಯಾದರೂ ಈ ಕಥೆಗಳಿಗೆ ಮೂರು ಲಕ್ಷಣ ಸಮಾನ. ಕಥಾನಾಯಕ ಅರಸನಲ್ಲ, ಸೇನಾನಿಯೂ ಅಲ್ಲ. ಶತ್ರು ಕೋಟೆಯ ಹೊರಗಿಲ್ಲ, ಬೀದಿಯ ತಿರುವಿನಲ್ಲೇ ನಿಂತಿದ್ದಾನೆ. ಯುದ್ಧ ಯಾವಾಗ, ಯಾರ ಗೆಲುವಿನಲ್ಲಿ ಮುಗಿಯುತ್ತದೆ ಎಂದು ಮಗುವಿಗೆ ಗೊತ್ತಿಲ್ಲ. ಈ ಮೂರನೆಯದೇ ಮುಖ್ಯ. ಪಾಠಪುಸ್ತಕ ಓದುವ ಮಗುವಿಗೆ ಫಲಿತಾಂಶ ಮೊದಲೇ ತಿಳಿದಿರುತ್ತದೆ, ಆದ್ದರಿಂದ ಅಂದಿನವರೆಲ್ಲ ಗೆಲುವಿನ ಕಡೆಗೋ ಸೋಲಿನ ಕಡೆಗೋ ಗೊತ್ತಿದ್ದೇ ನಡೆದರು ಎಂದು ಅದು ಭಾವಿಸುತ್ತದೆ. ಕತ್ತಲಲ್ಲಿ ಹೆಜ್ಜೆ ಇಟ್ಟವರ ಅನುಭವ ಅದಕ್ಕೆ ದಕ್ಕುವುದು ಕಥೆಯಲ್ಲಿ ಮಾತ್ರ.

ನಮ್ಮ ಕಪಾಟಿನಲ್ಲಿ ಏನಿದೆ?

ಕನ್ನಡದ ಮಕ್ಕಳ ಸಾಹಿತ್ಯ ಬಡವಾಗಿಲ್ಲ. ಪಂಜೆ ಮಂಗೇಶರಾಯರು ತುಳು ಪಾಡ್ದನದ ಅವಳಿ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡಕ್ಕೆ ತಂದುಕೊಟ್ಟರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಲೋಕದ ತಿಳಿವಳಿಕೆಯನ್ನೆಲ್ಲ ಮಕ್ಕಳ ಮುಂದೆ ಹರವಿದರು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ನೂರಾರು ಜೀವನಚರಿತ್ರೆಗಳನ್ನು ಹಳ್ಳಿಯ ಶಾಲೆಗಳಿಗೂ ಮುಟ್ಟಿಸಿದವು. ಈಚಿನ ದಶಕಗಳಲ್ಲಿ ಬೊಳುವಾರು ಮಹಮದ್ ಕುಂಞಿ ಗಾಂಧಿಯ ಬಾಳನ್ನು ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಯಾಗಿ ಹೇಳಿದರು. ನಾ. ಡಿಸೋಜ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ಇಬ್ಬರಿಗೂ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ಹಿರಿಯರು ಕಟ್ಟಿದ ಅಣೆಕಟ್ಟಿನಲ್ಲಿ ಊರು ಮುಳುಗಿದ್ದನ್ನು ಮಕ್ಕಳಿಗೆ ಹೇಳಬಹುದಾದರೆ, ಹಿರಿಯರು ಹೂಡಿದ ಯುದ್ಧದಲ್ಲಿ ಊರು ಬರಿದಾದದ್ದನ್ನೂ ಹೇಳಬಹುದು. ಆದರೆ ಇತಿಹಾಸದ ವಿಷಯಕ್ಕೆ ಬಂದಾಗ ನಮ್ಮ ಕಪಾಟು ಬಹುತೇಕ ವೀರರ ಕಪಾಟು. ಅಬ್ಬಕ್ಕ, ಚೆನ್ನಮ್ಮ, ರಾಯಣ್ಣ, ಓಬವ್ವ ಎಲ್ಲರೂ ಇದ್ದಾರೆ, ಇರಲೇಬೇಕು. ಅವರು ಹೋರಾಡಿ ಕಾಪಾಡಲು ಹೊರಟ ಮಕ್ಕಳು ಆಮೇಲೆ ಏನಾದರು ಎಂಬ ಪುಸ್ತಕ ಮಾತ್ರ ಪಕ್ಕದಲ್ಲಿಲ್ಲ.

ಓಬವ್ವನ ಕಥೆಯನ್ನೇ ತೆಗೆದುಕೊಳ್ಳೋಣ. ಚಿತ್ರದುರ್ಗಕ್ಕೆ ಹೈದರ್ ಹಾಕಿದ ಮುತ್ತಿಗೆ, ಕಿಂಡಿ, ಒನಕೆ ಗೊತ್ತಿಲ್ಲದ ಕನ್ನಡದ ಮಗುವಿಲ್ಲ. ಆದರೆ 1779ರಲ್ಲಿ ದುರ್ಗ ಕೊನೆಗೂ ಬಿತ್ತು. ಆಗ ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದೂ, ತಕ್ಕ ವಯಸ್ಸಿನ ಹುಡುಗರನ್ನು ಮತಾಂತರಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದರೆಂದೂ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು, ವಿಲ್ಕ್ಸ್ ಕಂಪನಿಯ ಅಧಿಕಾರಿ ಎನ್ನುವುದನ್ನೂ ಮರೆಯಬೇಕಿಲ್ಲ. ಆದರೂ ಆ ಹುಡುಗರ ಪಾಡನ್ನು ಒಮ್ಮೆ ಊಹಿಸಿ ನೋಡಬೇಕು. ಕಲ್ಲಿನ ಕೋಟೆಯಿಂದ ಕಾವೇರಿಯ ದ್ವೀಪಕ್ಕೆ ಬಂದು, ಹೊಸ ಹೆಸರು ಪಡೆದು, ತಮ್ಮೂರನ್ನು ಗೆದ್ದವನ ಕವಾಯತು ಕಲಿತರು. ಹನ್ನೆರಡು ಹದಿಮೂರು ವರ್ಷ ಕಳೆದ ಮೇಲೆ ಬ್ರಿಟಿಷರ ವಿರುದ್ಧ ಇದೇ ಪಟ್ಟಣವನ್ನು ಕಾಯಲು ಅವರಲ್ಲಿ ಎಷ್ಟೋ ಮಂದಿ ನಿಂತಿರಬೇಕು. ಅವರು ಸೋತವರೋ ಗೆದ್ದವರೋ? ದ್ರೋಹಿಗಳೋ ನಿಷ್ಠರೋ? ವೀರಗಾಥೆಗೆ ಈ ಪ್ರಶ್ನೆ ತೊಡಕು. ಹನ್ನೆರಡು ವರ್ಷದ ಓದುಗನಿಗೆ ಮಾತ್ರ ಇದು ತೀರಾ ನಿಜವಾದ ಪ್ರಶ್ನೆ, ಯಾಕೆಂದರೆ ತಾನು ಆರಿಸಿಕೊಳ್ಳದ ಮನೆ, ಶಾಲೆ, ನಿಯಮಗಳ ನಡುವೆಯೇ ಅವನೂ ಬೆಳೆಯುತ್ತಿರುತ್ತಾನೆ.

ದಾಖಲೆಯಲ್ಲಿ ಉಳಿದ ಮಕ್ಕಳು

ಈ ಯುದ್ಧಗಳ ದಾಖಲೆಗಳಲ್ಲಿ ಮಕ್ಕಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಹಿರಿಯರಿಗೆ ಬೇಕಾದಾಗ ಮಾತ್ರ ಅವರು ಬೆಳಕಿಗೆ ಬರುತ್ತಾರೆ. 1792ರ ಫೆಬ್ರುವರಿ 26ರಂದು ಟಿಪ್ಪುವಿನ ಇಬ್ಬರು ಮಕ್ಕಳು, ಹತ್ತರ ಆಸುಪಾಸಿನ ಅಬ್ದುಲ್ ಖಾಲಿಕ್ ಮತ್ತು ಎಂಟರ ಆಸುಪಾಸಿನ ಮುಯಿಜುದ್ದೀನ್, ಒತ್ತೆಯಾಳುಗಳಾಗಿ ಆನೆಯ ಮೇಲೆ ಕಾರ್ನ್‌ವಾಲಿಸನ ಬಿಡಾರಕ್ಕೆ ಹೋದರು. 3 ಕೋಟಿ 30 ಲಕ್ಷ ರೂಪಾಯಿ ದಂಡ ಸಲ್ಲುವವರೆಗೆ, ಒಪ್ಪಂದದ ಷರತ್ತುಗಳು ಈಡೇರುವವರೆಗೆ ಅವರು ಒತ್ತೆ. ಬಿಳಿಯ ಉಡುಪು, ಕೊರಳಲ್ಲಿ ಮುತ್ತಿನ ಸರ, ಕಾರ್ನ್‌ವಾಲಿಸ್ ಕೊಟ್ಟ ಚಿನ್ನದ ಗಡಿಯಾರಗಳು ಎಲ್ಲವನ್ನೂ ಮೇಜರ್ ಡೈರೋಮ್ ಎಂಬ ಅಧಿಕಾರಿ ವಿವರವಾಗಿ ಬರೆದಿಟ್ಟ. ರಾಬರ್ಟ್ ಹೋಮ್, ಮ್ಯಾಥರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಮೊದಲಾದವರು ಈ ದೃಶ್ಯವನ್ನು ಚಿತ್ರಿಸಿದರು. ಅವುಗಳಲ್ಲಿ ಕಾರ್ನ್‌ವಾಲಿಸ್ ಕರುಣಾಮಯಿ ತಂದೆಯಂತೆ ಕೈಚಾಚಿ ನಿಂತಿದ್ದಾನೆ. ಇಂಗ್ಲೆಂಡಿನ ಮನೆಗಳ ಗೋಡೆಗೆ ಈ ಚಿತ್ರಗಳ ಅಚ್ಚುಗಳು ಏರಿದವು. ಇಬ್ಬರು ಮಕ್ಕಳನ್ನು ಮನೆಯಿಂದ ಬಿಡಿಸಿ ತಂದ ಕ್ರಿಯೆ ವಾತ್ಸಲ್ಯದ ಕಥೆಯಾಗಿ ಮಾರಾಟವಾಯಿತು. ಹುಡುಗರು ಮದರಾಸಿನಲ್ಲಿ ಎರಡು ವರ್ಷ ಕಳೆದು 1794ರಲ್ಲಿ ಮರಳಿದರು. ಆ ಎರಡು ವರ್ಷವನ್ನು ಅವರ ಕಣ್ಣಿನಿಂದ ನೋಡಿದವರಿಲ್ಲ. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕ ಆ ಒತ್ತೆಯ ನೋವನ್ನು ಮುಟ್ಟುತ್ತದೆ, ಆದರೆ ಅದು ದೊಡ್ಡವರ ನಾಟಕ, ತಂದೆಯ ಸಂಕಟ.

ಕೋಟೆ ಬಿದ್ದ ಮೇಲಿನ ತಿಂಗಳುಗಳಲ್ಲಿ ಇನ್ನಿಬ್ಬರು ಮಕ್ಕಳು ಕಾಣಿಸುತ್ತಾರೆ. ಒಬ್ಬ, 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ಅವರಿಗೆ ಐದು ತುಂಬಿರಲಿಲ್ಲ. ಹಳೆಯ ಅರಮನೆ ಉಳಿದಿರಲಿಲ್ಲ, ಚಪ್ಪರದಡಿಯಲ್ಲಿ ಪಟ್ಟಾಭಿಷೇಕ ನಡೆಯಿತು. ರಾಜ್ಯ ಮರಳಿ ಬಂತು ಎಂದು ಅಜ್ಜಿ ಲಕ್ಷ್ಮಮ್ಮಣ್ಣಿಯವರಿಗೆ ಸಂತೋಷ, ಆದರೆ ಶ್ರೀರಂಗಪಟ್ಟಣದ ದ್ವೀಪ ಕಂಪನಿಯ ಪಾಲಾಯಿತು, ಅಲ್ಲಿ ಕಂಪನಿಯ ಪಡೆ ನೆಲೆಸಿತು. ಇನ್ನೊಬ್ಬ ಸಲಾಬತ್ ಖಾನ್. ಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕಂಪನಿಯ ವಿರುದ್ಧ ತಿರುಗಿಬಿದ್ದ ಧೋಂಡಿಯ ವಾಘ್ 1800ರ ಸೆಪ್ಟೆಂಬರಿನಲ್ಲಿ ಯುದ್ಧದಲ್ಲಿ ಸತ್ತಾಗ, ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಪುಟ್ಟ ಹುಡುಗ ಇವನು. ಹುಡುಗನ ತಂದೆ ಧೋಂಡಿಯನನ್ನು ಬೆನ್ನಟ್ಟಿ ಕೊಂದ ಸೇನೆಯ ನಾಯಕ ಆರ್ಥರ್ ವೆಲ್ಲೆಸ್ಲಿಯೇ ಅವನನ್ನು ಸಾಕಿದ, ಯುರೋಪಿಗೆ ಮರಳುವಾಗ ಅವನ ಪೋಷಣೆಗೆ ಹಣ ಬಿಟ್ಟುಹೋದ. ಮುಂದೆ ಹುಡುಗ ಮೈಸೂರು ಅರಸರ ಸೇವೆಗೆ ಸೇರಿದ. ವೆಲ್ಲೆಸ್ಲಿಯ ಅಕ್ಕರೆ ಸುಳ್ಳಾಗಿರಬೇಕಿಲ್ಲ. ತಂದೆಯನ್ನು ಕೊಂದವನೇ ಅನ್ನ ಇಕ್ಕಿದಾಗ ಮಗು ಆ ಅನ್ನವನ್ನು ಹೇಗೆ ಉಣ್ಣುತ್ತದೆ? ಪರರ ವಶವಾದ ನೆಲದಲ್ಲಿ ಬೆಳೆಯುವುದರ ತಿರುಳೇ ಈ ಪ್ರಶ್ನೆ. ಇಂಥ ಕಥಾವಸ್ತು ನಮ್ಮ ಅಂಗಳದಲ್ಲೇ ಬಿದ್ದಿದೆ.

ಇವರೆಲ್ಲ ದೊಡ್ಡಮನೆಯ ಮಕ್ಕಳು. ಹನಕೆರೆಯಂಥ ಊರಿನ ದನ ಕಾಯುವ ಹುಡುಗನಿಗೆ ಚಿತ್ರಕಾರ ಸಿಗಲಿಲ್ಲ. ಆದರೆ ಅವನ ಸುತ್ತಲಿನ ಲೋಕ ನಮಗೆ ಸಾಕಷ್ಟು ತಿಳಿದಿದೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಕಂಪನಿಯ ಪರವಾಗಿ ಈ ಸೀಮೆಯಲ್ಲಿ ಸುತ್ತಾಡಿ ಬೆಳೆ, ಮಣ್ಣು, ನೇಗಿಲು, ಕೂಲಿ, ಜಾತಿ, ಕಸುಬು ಎಲ್ಲವನ್ನೂ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದ ಶ್ರೀರಂಗಪಟ್ಟಣದ ದ್ವೀಪದಲ್ಲಿ ಆ ಹೊತ್ತಿಗೆ ಸುಮಾರು 32 ಸಾವಿರ ಜನ ಉಳಿದಿದ್ದರೆಂದು ಅವನ ಅಂದಾಜು. ಉಳಿದವರು ಸತ್ತರೋ ಚೆದುರಿದರೋ, ಅವರ ಜೊತೆ ಮಕ್ಕಳಂತೂ ಇದ್ದರು. ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಿಡುವುದು ಈ ಸೀಮೆಯ ವಾಡಿಕೆ. ದಂಡು ಬಂದಾಗ ಆ ಹಗೇವಿನ ಗುಟ್ಟು ಮನೆಯವರ ಪ್ರಾಣದ ಗುಟ್ಟಾಯಿತು. ಶತ್ರುವಿಗೆ ಕಾಳು ಕಡ್ಡಿ ಸಿಗಬಾರದೆಂದು ಟಿಪ್ಪುವಿನ ಸವಾರರೇ ದಾರಿಯ ಊರುಗಳನ್ನೂ ಮೇವನ್ನೂ ಸುಡುತ್ತಿದ್ದರು. ಬ್ರಿಟಿಷರು ಬಂದರೆ ಕಾಳು ಹುಡುಕುತ್ತಿದ್ದರು, ಮರಾಠರ ಪಿಂಡಾರಿಗಳು ಬಂದರೆ ದೋಚುತ್ತಿದ್ದರು. ಲಂಬಾಣಿಗಳು ಎತ್ತುಗಳ ಸಾಲಿನ ಮೇಲೆ ಧಾನ್ಯ ಹೇರಿ ದಂಡಿನಿಂದ ದಂಡಿಗೆ ಮಾರುತ್ತ ಸಾಗುತ್ತಿದ್ದರು. ಹೈದರ್ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು 1791ರಲ್ಲಿ ಕೆಡವಿದ್ದು ಕಾರ್ನ್‌ವಾಲಿಸನ ಸೇನೆ. ಫಿರಂಗಿ ಎಳೆಯಲು ಎತ್ತು ಬೇಕು, ಎತ್ತು ಹೋದರೆ ಮುಂಗಾರಿಗೆ ಆರು ಕಟ್ಟುವುದು ಹೇಗೆ? ಎಂಟು ಹತ್ತು ವರ್ಷದ ಮಗು ಇದನ್ನೆಲ್ಲ ಕಣ್ಣಾರೆ ಕಂಡಿರಲೇಬೇಕು. ಹಗೇವು ಎಲ್ಲಿದೆ ಎಂದು ಯಾರಿಗೂ ಹೇಳದಿರುವುದೇ ಅದರ ಯುದ್ಧ. ಆ ಮೌನವೇ ಕಾದಂಬರಿಯ ನಡುಗಂಬವಾಗಬಲ್ಲದು.

ಎದುರು ಮಾತುಗಳು

ಇದಕ್ಕೆ ಮೊದಲ ಆಕ್ಷೇಪ, ಹಸಿವು, ಸುಲಿಗೆ, ಸಾವುಗಳನ್ನು ಮಕ್ಕಳ ಮುಂದಿಡುವುದು ತರವೇ ಎಂಬುದು. ಈ ಅಳುಕು ನಮ್ಮ ಪರಂಪರೆಯದಲ್ಲ. ಕನ್ನಡದ ಮಗು ಕೇಳುವ ಮೊದಲ ಕಥೆಗಳಲ್ಲೊಂದಾದ ಗೋವಿನ ಹಾಡಿನಲ್ಲಿ ತಾಯಿ ಕರುವಿಗೆ ವಿದಾಯ ಹೇಳಿ ಸಾಯಲು ಹೊರಡುತ್ತದೆ, ಹುಲಿ ಪ್ರಾಣ ಬಿಡುತ್ತದೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯಲ್ಲಿ ಮನೆಯವರೇ ಸೊಸೆಯನ್ನು ಬಲಿ ಕೊಡುತ್ತಾರೆ. ಮಳವಳ್ಳಿ, ಕೊಳ್ಳೇಗಾಲದ ಕಡೆ ಕಂಸಾಳೆಯವರು ಹಾಡುವ ಮಾದೇಶ್ವರ ಕಾವ್ಯದಲ್ಲಿ ಶ್ರವಣ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸುತ್ತಾನೆ, ಮಕ್ಕಳು ರಾತ್ರಿಯಿಡೀ ದೊಡ್ಡವರ ಮಗ್ಗುಲಲ್ಲಿ ಕೂತು ಅದನ್ನು ಕೇಳುತ್ತ ಬಂದಿದ್ದಾರೆ. ಈ ಕಥೆಗಳು ಕ್ರೌರ್ಯವನ್ನು ಮುಚ್ಚಿಡುವುದಿಲ್ಲ, ಮೆರೆಸುವುದೂ ಇಲ್ಲ. ಮಕ್ಕಳನ್ನು ಕೆಡಿಸುವುದು ಸಾವಿನ ಸುದ್ದಿಗಿಂತ ಸಾವನ್ನು ಆಟವಾಗಿಸುವ ಬರಹ. ಕತ್ತಿ ಝಳಪಿಸಿ ನೂರು ತಲೆ ಉರುಳಿಸುವ ವೀರನ ಕಥೆಯನ್ನು ನಾವು ನಿಶ್ಚಿಂತೆಯಿಂದ ಕೊಡುತ್ತೇವೆ, ಉರುಳಿದ ತಲೆಯೊಂದಕ್ಕೆ ಮನೆಯಿತ್ತು, ಮಗುವಿತ್ತು ಎನ್ನುವ ಕಥೆಗೆ ಹಿಂಜರಿಯುತ್ತೇವೆ. ಈ ಎರಡರಲ್ಲಿ ಹೆಚ್ಚು ಎಚ್ಚರ ಬೇಕಾದ್ದು ಯಾವುದಕ್ಕೆ ಎಂದು ಹೆತ್ತವರೂ ಮೇಷ್ಟ್ರುಗಳೂ ಯೋಚಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಟಿಪ್ಪುವಿನ ಹೆಸರೆತ್ತಿದರೆ ಇಂದು ಜಗಳ. ಜಯಂತಿಯ ಪರ, ವಿರೋಧ, ಪಾಠ ಸೇರಿಸಬೇಕು, ತೆಗೆಯಬೇಕು ಎನ್ನುವ ಗದ್ದಲದಲ್ಲಿ ಮಕ್ಕಳ ಪುಸ್ತಕವನ್ನು ಎಳೆದು ತರಬೇಕೇ? ತರಬೇಕು, ಯಾಕೆಂದರೆ ಆ ಗದ್ದಲದಲ್ಲಿ ಎಲ್ಲರೂ ಒಂದೊಂದು ಬಗೆಯ ಮಕ್ಕಳನ್ನು ಮಾತ್ರ ನೆನೆಯುತ್ತಾರೆ. 1784ರಲ್ಲಿ ಕರಾವಳಿಯ ಕ್ರೈಸ್ತ ಕುಟುಂಬಗಳು ಮಕ್ಕಳುಮರಿ ಸಮೇತ ಶ್ರೀರಂಗಪಟ್ಟಣದ ಸೆರೆಗೆ ನಡೆದವು, ಕೊಡಗಿನಿಂದಲೂ ಸೆರೆಯಾಳುಗಳು ಬಂದರು. 1791ರಲ್ಲಿ ಪರಶುರಾಮ ಭಾವೂವಿನ ಸೇನೆಯ ಸವಾರರು ಶೃಂಗೇರಿ ಮಠವನ್ನು ದೋಚಿದರು, ಮಠಕ್ಕೆ ನೆರವು ಕಳುಹಿಸಿದವನು ಟಿಪ್ಪು. ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕೈಗೆ ಸಿಕ್ಕವು. 1782ರಲ್ಲಿ ಫ್ರೆಂಚರು ಹಿಡಿದ ‘ಹ್ಯಾನಿಬಲ್’ ಹಡಗಿನ ಬಾಲಕ ಜೇಮ್ಸ್ ಸ್ಕರ್ರಿ ಹೈದರನ ಕೈಗೆ ಬಂದು, ಮತಾಂತರಗೊಂಡು, ಹತ್ತು ವರ್ಷ ಮೈಸೂರಿನ ಸೆರೆಯಲ್ಲಿ ಕಳೆದ. ಅವನ ನೆನಪುಗಳು 1824ರಲ್ಲಿ ಪುಸ್ತಕವಾದವು. 1799ರ ಮೇ 4ರ ರಾತ್ರಿ ಪಟ್ಟಣವನ್ನು ಲೂಟಿ ಮಾಡಿದವರು ಕಂಪನಿಯ ಸಿಪಾಯಿಗಳು. ಅದನ್ನು ನಿಲ್ಲಿಸಲು ವೆಲ್ಲೆಸ್ಲಿ ನಾಲ್ವರನ್ನು ನೇಣಿಗೇರಿಸಬೇಕಾಯಿತು. ಈ ಸತ್ಯಗಳನ್ನು ಒಂದರ ಮೇಲೊಂದು ಎಸೆದು ವಾದ ಗೆಲ್ಲಬಹುದು. ಮಂಗಳೂರಿನ ಹುಡುಗಿ, ದುರ್ಗದ ಹುಡುಗ, ಸುಲ್ತಾನನ ಮಗ, ಹಗೇವಿನ ಗುಟ್ಟು ಕಾಯುವ ಒಕ್ಕಲಿನ ಕೂಸು, ಇವರನ್ನು ಒಂದೇ ಪಟ್ಟಣದ ಒಂದೇ ಬೀದಿಯಲ್ಲಿ ನಿಲ್ಲಿಸಿದರೆ ಕಾದಂಬರಿಯಾಗುತ್ತದೆ. ಹಾಗೆಂದು ಎಲ್ಲರ ತಪ್ಪೂ ಸಮ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಪ್ರತಿ ಮಗುವಿಗೂ ಅನ್ಯಾಯ ಮಾಡಿದವರು ಯಾರೆಂದು ಕಥೆ ಹೆಸರಿಸಿಯೇ ಹೇಳಬೇಕು. ಅದನ್ನು ಇಂದಿನ ಯಾವ ಮನೆಯ ಮಗುವಿನ ತಲೆಗೂ ಕಟ್ಟಬಾರದು, ಅಷ್ಟೆ.

ಮೂರನೆಯ ಆಕ್ಷೇಪ ಇತಿಹಾಸದ ಶಿಸ್ತಿನವರದು. ನಾಜಿಗಳ ಕೈಕೆಳಗಿನ ಯುರೋಪು, ಜಪಾನಿನ ಕೈಕೆಳಗಿನ ಕೊರಿಯಾ ಬೇರೆ, ಹದಿನೆಂಟನೇ ಶತಮಾನದ ರಾಜ್ಯಗಳ ಕಾಳಗ ಬೇರೆ. ಭಾರತದಲ್ಲಿ ಅದಕ್ಕೆ ಸರಿಸಮವಾದದ್ದು 1942ರಿಂದ 1945ರವರೆಗೆ ಜಪಾನಿಯರ ವಶದಲ್ಲಿದ್ದ ಅಂಡಮಾನ್ ಮಾತ್ರ, ಎನ್ನಬಹುದು. ಆ ಎಚ್ಚರ ಸರಿಯೇ. ನಮ್ಮ ಕಥೆಗೆ ಹಿಟ್ಲರನ ಮುಖವಾಡ ತೊಡಿಸಿದರೆ ಅದು ಕೆಡುತ್ತದೆ. ಅಲ್ಲಿ ಆಕ್ರಮಿಸಿದವರು ಯಾರು, ಊರಿನವರು ಯಾರು ಎಂಬ ಗೆರೆ ಸ್ಪಷ್ಟ. ಇಲ್ಲಿ ಮಗು ಅಜ್ಜನಿಂದ ಒಡೆಯರ ಕಾಲ ಕೇಳಿದೆ, ಅಪ್ಪನಿಂದ ಹೈದರನ ಕಾಲ ಕೇಳಿದೆ, ತಾನು ಟಿಪ್ಪುವಿನ ಕಾಲದಲ್ಲಿ ಹುಟ್ಟಿದೆ, ಬುದ್ಧಿ ಬರುವ ಹೊತ್ತಿಗೆ ಕೆಂಪಂಗಿಯ ಸಿಪಾಯಿಗಳು ಪಟ್ಟಣದಲ್ಲಿದ್ದಾರೆ. ಕಂದಾಯ ಕೇಳಲು ಬರುವ ಶಾನುಭೋಗ ಮಾತ್ರ ಅದೇ ಮನೆತನದವನಿರಬಹುದು. ಗೆರೆ ಮಸುಕಾದದ್ದು ಕಥೆಗೆ ಕೊರತೆಯಾಗದು. ಯುರೋಪಿನ ಕಾದಂಬರಿಗಳು ಕೇಳಲಾರದ ಪ್ರಶ್ನೆಯನ್ನು ನಮ್ಮದು ಕೇಳಬಲ್ಲದು: ಆಳುವವರು ಬದಲಾಗುತ್ತಲೇ ಇರುವಾಗ ನಿಷ್ಠೆ ಎನ್ನುವುದು ಯಾರಿಗೆ? ಊರಿಗೋ, ಕುಲಕ್ಕೋ, ಧಣಿಗೋ, ಪಕ್ಕದಲ್ಲಿ ಹಸಿದು ಕೂತವನಿಗೋ? ಇನ್ನು ಕಲ್ಪನೆಯ ಮಾತು. ಸಾಮಾನ್ಯರ ಮಕ್ಕಳ ಬಗ್ಗೆ ದಾಖಲೆ ಇಲ್ಲವಾದ್ದರಿಂದ ಬರೆಯುವುದೆಲ್ಲ ಕಟ್ಟುಕಥೆ ಎನ್ನುವವರಿಗೆ, ದಾಖಲೆಯ ಆ ಚಿತ್ರಪಟಗಳೂ ಕಟ್ಟಿದ ಕಥೆಗಳೇ ಎಂದು ನೆನಪಿಸಬೇಕು. ವ್ಯತ್ಯಾಸವೆಂದರೆ ಕಾದಂಬರಿಕಾರ ತಾನು ಕಟ್ಟುತ್ತಿರುವುದನ್ನು ಮರೆಮಾಚುವುದಿಲ್ಲ. ತಾರೀಖು, ದಾರಿ, ಬೆಳೆ, ಹಣ, ಆಯುಧ ಇವು ದಾಖಲೆಗೆ ಬದ್ಧವಾಗಿರಲಿ. ಮಗುವಿನ ಮನಸ್ಸು ಮಾತ್ರ ಲೇಖಕನ ಹೊಣೆ.

ಬರೆಯುವವರಿಗೆ ಇದು ಸುಲಭದ ಕೆಲಸವಲ್ಲ. ಹನ್ನೆರಡು ವರ್ಷದ ಹುಡುಗನೊಬ್ಬ ಗುಪ್ತ ಸಂದೇಶ ಒಯ್ದು ರಾಜ್ಯ ಉಳಿಸಿದ ಎಂಬ ಕಥೆ ಹೆಣೆಯುವ ಆಸೆ ಬರುತ್ತದೆ, ಅದು ಮತ್ತೆ ಅದೇ ವೀರಗಾಥೆಯ ಚಿಕ್ಕ ಅಂಗಿ. ಇಂದಿನ ರಾಷ್ಟ್ರ, ಇಂದಿನ ಪಕ್ಷ, ಇಂದಿನ ಸಿಟ್ಟುಗಳನ್ನು ಆ ಮಗುವಿನ ಬಾಯಲ್ಲಿ ಆಡಿಸುವ ಆಸೆಯೂ ಬರುತ್ತದೆ. ಎರಡನ್ನೂ ತಡೆದುಕೊಂಡು ಮಳವಳ್ಳಿಯ ಕಾಳಗದಿಂದ ಮೈಸೂರಿನ ಪಟ್ಟಾಭಿಷೇಕದವರೆಗಿನ ಮೂರು ತಿಂಗಳನ್ನಷ್ಟೇ ತೆಗೆದುಕೊಂಡರೂ ಒಂದು ಪೂರ್ತಿ ಕಾದಂಬರಿಗೆ ಸಾಕು. ಪ್ರಕಾಶಕರಿಗೆ ಮಾರಾಟದ ಚಿಂತೆ ಇದ್ದದ್ದೇ. ಆದರೆ ಮಂಡ್ಯ ಜಿಲ್ಲೆಯ ಮಕ್ಕಳು ಶಾಲಾ ಪ್ರವಾಸದಲ್ಲಿ ಹೋಗುವ ಶ್ರೀರಂಗಪಟ್ಟಣ, ಮೇಲುಕೋಟೆಗಳೇ ಈ ಕಥೆಯ ನೆಲವಾದ್ದರಿಂದ ಓದುಗರನ್ನು ದೂರದಲ್ಲಿ ಹುಡುಕಬೇಕಿಲ್ಲ. ಇಂಥ ಪುಸ್ತಕ ಓದಿದ ಮಗು ದರಿಯಾ ದೌಲತಿನ ಗೋಡೆಯ ಯುದ್ಧಚಿತ್ರ ನೋಡುವಾಗ ಯಾರು ಗೆದ್ದರು ಎಂದು ಕೇಳಿ ಸುಮ್ಮನಾಗುವುದಿಲ್ಲ. ಈ ದಂಡಿಗೆ ಅನ್ನ ಎಲ್ಲಿಂದ ಬಂತು, ಆ ಅನ್ನ ಯಾರ ಮನೆಯದು, ಆ ಮನೆಯ ಮಕ್ಕಳು ಅಂದು ಏನು ಉಂಡರು ಎಂದೂ ಕೇಳುತ್ತದೆ. ಇತಿಹಾಸದ ಯಾವ ಜಗಳಕ್ಕೆ ಇಳಿಯುವ ಮೊದಲೂ ದೊಡ್ಡವರು ಉತ್ತರ ಹೇಳಬೇಕಾದ ಪ್ರಶ್ನೆಗಳು ಇವು.